ಕರೆಂಟ್ ಹೋದಾಗ ಬರುತ್ತಿದ್ದವರು

ನಮ್ಮ ಪಕ್ಕದ ಜವಳಿ ಅಂಗಡಿಯ ಮಾವ ತೀರಿಕೊಂಡ ದಿನ ಕೊಪ್ಪ ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಎಂಥಾ ಮಾತುಗಾರ ಹೋಗ್ಬಿಟ್ರು ಮಾರಾಯ.’ ಮರುದಿನ ಡೈರಿ ಬರೆಯುವಾಗ ನಾನೂ ಅದನ್ನೇ ಬರೆದೆ. ಬರೆದು ಓದಿದಾಗ ಸರಿ ಅನ್ನಿಸಲಿಲ್ಲ. ಗೀಟು ಹಾಕಿ, ಕೆಳಗೆ ‘ಅವರು ಮಾತಾಡಿದ್ದು ಕಡಿಮೆ, ಮಾತಾಡಿಸಿದ್ದು ಹೆಚ್ಚು’ ಎಂದು ತಿದ್ದಿದೆ.

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ನಮ್ಮ ಮನೆಗೆ ಅವರಿಂದ ಒಳ್ಳೆಯದಾದದ್ದು ಈ ಎರಡನೆಯ ಗುಣದಿಂದ.

ಅವರ ಹಿರಿಯರು ಬಾಳೆಹೊನ್ನೂರು ಕಡೆಯವರು. ಮಾವನ ಹಣೆಯಲ್ಲಿ ವಿಭೂತಿಯ ಮೂರು ಗೆರೆ, ಕುತ್ತಿಗೆಯಲ್ಲಿ ಅಳತೆ ಟೇಪು, ಅಂಗಿಯ ಜೇಬಿನಲ್ಲಿ ನಶ್ಯದ ಡಬ್ಬಿ. ಗಿರಾಕಿ ಬಂದರೆ ಬೇರೆ ಅಂಗಡಿಯವರ ಹಾಗೆ ‘ಬನ್ನಿ ಬನ್ನಿ, ಹೊಸ ಮಾಲು ಬಂದಿದೆ’ ಎನ್ನುತ್ತಿರಲಿಲ್ಲ. ಒಂದು ಸಣ್ಣ ಪ್ರಶ್ನೆ ಕೇಳುತ್ತಿದ್ದರು. ಕೇಳಿ, ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ತೆಗೆದು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಎದುರಿನವರು ಉತ್ತರ ಹೇಳುವ ತನಕ ಅದು ಅಲ್ಲೇ ಗಾಳಿಯಲ್ಲಿ ನಿಂತಿರುತ್ತಿತ್ತು, ಮೂಗಿಗೆ ಹೋಗುತ್ತಿರಲಿಲ್ಲ. ಆ ಚಿಟಿಕೆಯನ್ನು ನೋಡುತ್ತ ಸುಮ್ಮನೆ ನಿಲ್ಲುವುದು ಯಾರಿಂದಲೂ ಆಗುತ್ತಿರಲಿಲ್ಲ. ಮೆಣಸೆಯಿಂದ ಬಂದ ಒಬ್ಬ ಹೆಂಗಸು ರವಿಕೆ ಕಣ ಕೇಳಿದಾಗ ಅವರು ‘ಮನೇಲಿ ಎಂತ ವಿಶೇಷ?’ ಎಂದದ್ದು ನನಗೆ ನೆನಪಿದೆ. ಆಕೆ ವಿಶೇಷ ಏನೂ ಇಲ್ಲ ಅಂದರು. ಚಿಟಿಕೆ ಇಳಿಯಲಿಲ್ಲ. ಮತ್ತೆ ಆಕೆಯೇ ಮಗಳು ಪಾಸಾದ ಕತೆ, ಕಾಲೇಜಿಗೆ ಹಾಸನದಲ್ಲಿ ಸೀಟು ಸಿಕ್ಕಿದ ಕತೆ, ಗಂಡ ಬೇಡ ಅಂದದ್ದು, ತಾನು ಹಟ ಹಿಡಿದದ್ದು ಎಲ್ಲ ಹೇಳಿ, ರವಿಕೆ ಕಣದ ಬದಲು ಮಗಳಿಗೆ ಎರಡು ಚೂಡಿದಾರದ ಬಟ್ಟೆ ಕಟ್ಟಿಸಿಕೊಂಡು ಹೋದರು.

‘ಮಾವ, ಇದು ವ್ಯಾಪಾರದ ಗುಟ್ಟಾ?’ ಎಂದು ಕೇಳಿದೆ.

‘ಎಂತ ಗುಟ್ಟು? ಕೇಳಿದ್ಮೇಲೆ ಕಾಯ್ಬೇಕಲ್ವಾ? ಕಾಯೋದಿಲ್ಲ ಅಂದ್ರೆ ಕೇಳೋದು ಯಾಕೆ?’

ಅವರ ಹೆಂಡತಿ ಒಳಗಿನಿಂದ ಕೂಗಿದರು: ‘ಅದೆಲ್ಲ ಅಂಗಡೀಲಿ ಮಾತ್ರ ಕಣೇ. ಮನೇಲಿ ಈ ಮನುಷ್ಯ ಇಡೀ ದಿನಕ್ಕೆ ಕೇಳೋದು ಒಂದೇ ಪ್ರಶ್ನೆ, ಕಾಫಿ ಆಯ್ತಾ ಅಂತ. ಅದಕ್ಕೂ ಕಾಯಲ್ಲ!’

ಮಾವ ನಕ್ಕು ನಶ್ಯ ಏರಿಸಿದರು.

ಈ ಅಭ್ಯಾಸ ಅವರಿಗೆ ಬಂದದ್ದು ತಾಳಮದ್ದಳೆಯಿಂದ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಆಗಲೇ ಹೊಳೆದ ಮಾತಿನಲ್ಲಿ ತಮ್ಮ ತಮ್ಮ ಪಾತ್ರದ ‘ಅರ್ಥ’ ಹೇಳುತ್ತ ಕತೆ ನಡೆಸುತ್ತಾರೆ. ಅದರಲ್ಲಿ ದೊಡ್ಡ ಪಾತ್ರ ಮಾಡಿದವರಿಗೆ ಹೆಸರು. ಮಾವ ಮೂವತ್ತು ವರ್ಷ ಮಾಡಿದ್ದು ದೂತ, ಮಂತ್ರಿ, ಸಾರಥಿ, ಇಷ್ಟೇ. ರಾಜನ ಪಾತ್ರ ಕೊಟ್ಟರೂ ಒಪ್ಪುತ್ತಿರಲಿಲ್ಲ. ಆದರೆ ಶೃಂಗೇರಿಯಿಂದ ನರಸಿಂಹರಾಜಪುರದವರೆಗೆ ಎಲ್ಲೇ ಕೂಟವಾದರೂ ದೊಡ್ಡ ಅರ್ಥಧಾರಿಗಳು ‘ಮಂತ್ರಿಗೆ ಕೊಪ್ಪದ ಸಾಹುಕಾರರನ್ನೇ ಕರೆಸಿ’ ಎನ್ನುತ್ತಿದ್ದರಂತೆ.

ಕಾರಣ ನಾನು ಒಮ್ಮೆ ಕಣ್ಣಾರೆ ಕಂಡೆ. ಘಟ್ಟದ ಕೆಳಗಿನಿಂದ ಬಂದಿದ್ದ ಹೆಸರಾಂತ ಅರ್ಥಧಾರಿಯೊಬ್ಬರು ಜ್ವರದಲ್ಲಿದ್ದರು. ರಾಜನಾಗಿ ಕೂತವರಿಗೆ ನಡುವೆ ಮಾತೇ ನಿಂತುಹೋಯಿತು. ಬೇರೆ ಯಾರಾದರೂ ಮಂತ್ರಿಯಾಗಿದ್ದರೆ ಆ ಜಾಗದಲ್ಲಿ ತಾವೇ ಮಾತಾಡಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಮಾವ ಮೆಲ್ಲಗೆ ಬಾಗಿ, ‘ಪ್ರಭುಗಳು ಬೆಳಗಿನಿಂದ ಏನೂ ತಗೊಂಡಿಲ್ಲ ಅಂತ ಅಡುಗೆಯವರು ಹೇಳಿದರು. ಹೌದೇ?’ ಎಂದು ಕೇಳಿ ಸುಮ್ಮನೆ ಕೂತರು. ಸಭೆ ನಕ್ಕಿತು. ಆ ದೊಡ್ಡವರೂ ನಕ್ಕರು. ನಕ್ಕ ಮೇಲೆ ‘ಮಂತ್ರೀ, ರಾಜ್ಯವೇ ಹಸಿದಿರುವಾಗ ಅರಸನಿಗೆ ಊಟವೇ?’ ಎಂದು ಶುರುಮಾಡಿ ಮುಂದೆ ಎಲ್ಲೂ ನಿಲ್ಲಲಿಲ್ಲ.

ಅವರನ್ನು ಸಾಧುಸಂತರ ಹಾಗೆ ಬರೆಯಲು ನನಗೆ ಮನಸ್ಸಿಲ್ಲ. ನರಸಿಂಹರಾಜಪುರದ ಒಂದು ಕೂಟದ ಕರಪತ್ರದಲ್ಲಿ ಅವರ ಹೆಸರು ಬಿಟ್ಟುಹೋಗಿತ್ತು. ‘ನಂಗೆ ಹೆಸರಿನ ಆಸೆ ಎಲ್ಲಿದೆ, ಹೋಗ್ಲಿ ಬಿಡು’ ಎಂದು ಒಂದು ವಾರ ಬಂದ ಗಿರಾಕಿಗಳಿಗೆಲ್ಲ ಆ ಕರಪತ್ರ ತೋರಿಸಿ ತೋರಿಸಿ ಹೇಳಿದರು.

ಇನ್ನು ನಮ್ಮ ಮನೆ. ನಮ್ಮದು ಹಿಟ್ಟಿನ ಗಿರಣಿ. ಅಪ್ಪನ ನಂತರ ಅಣ್ಣ ನಡೆಸುತ್ತಿದ್ದ. ಗಿರಣಿಯ ಹಿಂದೆಯೇ ಮನೆ, ನಡುವೆ ಒಂದೇ ಗೋಡೆ. ಮೋಟಾರು ಶುರುವಾದರೆ ಅಡುಗೆಮನೆಯ ಲೋಟಗಳು ತಟ್ಟೆಯಲ್ಲಿ ನಡೆಯುತ್ತಿದ್ದವು. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಕೈಸನ್ನೆ. ಹೆಬ್ಬೆರಳು ತೋರುಬೆರಳು ಉಜ್ಜಿದರೆ ನುಣ್ಣಗಿನ ಹಿಟ್ಟು. ಮುಷ್ಟಿ ಬಿಚ್ಚಿ ಉದುರಿಸಿದರೆ ಕಡುಬಿನ ತರಿ. ಎರಡು ಬೆರಳು ಎತ್ತಿದರೆ ಎರಡು ಲೋಟ ಕಾಫಿ. ಹುಬ್ಬು ಏರಿಸಿದರೆ ‘ಯಾರು ಬಂದದ್ದು’. ಮದುವೆಯಾಗಿ ಬಂದ ಅತ್ತಿಗೆ ಇದನ್ನೆಲ್ಲ ಒಂದು ತಿಂಗಳಲ್ಲಿ ಕಲಿತರು. ಬೇಗಾರಿನ ಅವರ ತವರಿನಲ್ಲಿ ಅವರಷ್ಟು ಮಾತಿನವರು ಯಾರೂ ಇರಲಿಲ್ಲವಂತೆ. ನಮ್ಮ ಮನೆಗೆ ಬಂದ ಮೇಲೆ ಅವರ ಮಾತು ಕಡಿಮೆಯಾದದ್ದನ್ನು ನಾವು ಯಾರೂ ಗಮನಿಸಲಿಲ್ಲ. ಗಿರಣಿಯ ಮನೆಗೆ ಹೊಂದಿಕೊಂಡಳು ಎಂದು ಅಮ್ಮ ಹೊಗಳುತ್ತಿದ್ದರು.

ಅಣ್ಣನ ಮಗಳು ಪುಟ್ಟಿ. ಎರಡು ವರ್ಷ ತುಂಬಿತು, ಮಾತು ಬರಲಿಲ್ಲ. ಎರಡೂವರೆಯಾಯಿತು, ಬರಲಿಲ್ಲ. ನಗುತ್ತಿದ್ದಳು, ಓಡುತ್ತಿದ್ದಳು, ಬೇಕಾದ್ದನ್ನು ಎಳೆದು ತೋರಿಸುತ್ತಿದ್ದಳು, ಬಾಯಿಯಿಂದ ‘ಉಂ’ ಬಿಟ್ಟರೆ ಬೇರೆ ಇಲ್ಲ. ಅಮ್ಮ ಬಜೆ ತೇಯ್ದು ಜೇನಿನಲ್ಲಿ ನಾಲಿಗೆಗೆ ಹಚ್ಚಿದರು. ಶೃಂಗೇರಿಗೆ ಕರೆದುಕೊಂಡು ಹೋಗಿ ಶಾರದೆಯ ಮುಂದೆ ಕೂರಿಸಿ ಬಂದೆವು. ಅಲ್ಲಿ ಅಕ್ಕಿಯಲ್ಲಿ ಅಕ್ಷರ ಬರೆಸಿಕೊಳ್ಳುತ್ತಿದ್ದ ಮಕ್ಕಳೆಲ್ಲ ಅಪ್ಪಂದಿರಿಗೆ ಕಿವಿ ತೂತಾಗುವಷ್ಟು ಪ್ರಶ್ನೆ ಕೇಳುತ್ತಿದ್ದವು. ಅತ್ತಿಗೆ ಆ ಮಕ್ಕಳ ಬಾಯನ್ನೇ ನೋಡುತ್ತಿದ್ದರು.

ಆಮೇಲೆ ಬಾಳೆಹೊನ್ನೂರಿನಲ್ಲಿ ಒಂದು ನಾಮಕರಣದ ಊಟ. ಪುಟ್ಟಿ ನೀರಿಗೆ ಕೈಸನ್ನೆ ಮಾಡಿದಾಗ ಪಂಕ್ತಿಯಲ್ಲಿದ್ದ ಒಬ್ಬ ಮುದುಕಿ ಎಲ್ಲರಿಗೂ ಕೇಳುವ ಹಾಗೆ, ‘ಅಯ್ಯೋ, ಇದು ಮೂಗಿ ಕೂಸಾ? ಯಾರ ಕಡೆಯಿಂದ ಬಂದದ್ದು ಹೀಗೆ?’ ಎಂದರು. ಅತ್ತಿಗೆ ಅಳಲಿಲ್ಲ. ಆದರೆ ಅವತ್ತಿನಿಂದ ಮಗುವನ್ನು ಕರೆದುಕೊಂಡು ಯಾವ ಕಾರ್ಯಕ್ಕೂ ಹೋಗಲಿಲ್ಲ, ತವರಿಗೂ ಹೋಗಲಿಲ್ಲ. ನಾನಾಗ ಡಿಗ್ರಿಯ ಮೊದಲ ವರ್ಷದಲ್ಲಿದ್ದೆ. ಒಂದು ದಿನ ಡೈರಿ ಬರೆಯುವಾಗ ಅತ್ತಿಗೆ ಬಂದು ಪಕ್ಕದಲ್ಲಿ ಕೂತು, ‘ನೀನು ಎಲ್ಲ ಬರೀತೀಯಲ್ಲ, ಇವಳು ಅಮ್ಮ ಅಂತ ಕರೆದ ದಿನಾನೂ ಬರಿತೀಯಲ್ವಾ?’ ಎಂದರು. ಬರೆಯುತ್ತೇನೆ ಅಂದೆ.

ಮಾವನಿಗೆ ಈ ವಿಷಯ ಅಣ್ಣನೇ ಹೇಳಿದ. ಅವರು ಕೇಳಿದ ಮೊದಲ ಪ್ರಶ್ನೆ, ‘ಕಿವಿ ತೋರಿಸಿದ್ಯಾ?’

‘ಕಿವಿ ಚಲೋ ಕೇಳ್ತದೆ ಮಾವ. ಬಾಗಿಲ ಹತ್ರ ಬೆಲ್ಲದ ಡಬ್ಬ ತೆಗೆದ್ರೆ ಹಿತ್ತಲಿಂದ ಓಡಿ ಬರ್ತಾಳೆ.’

‘ನಿನ್ ಲೆಕ್ಕ ಬೇಡ ಮಾರಾಯ, ಡಾಕ್ಟ್ರ ಲೆಕ್ಕ ಬೇಕು. ಮೊದ್ಲು ಅದು.’

ಶಿವಮೊಗ್ಗಕ್ಕೆ ಹೋದೆವು. ಪರೀಕ್ಷೆ ಮಾಡಿದ ಡಾಕ್ಟರಮ್ಮ ಕಿವಿ ಸರಿಯಿದೆ, ಹೇಳಿದ್ದು ಅರ್ಥವಾಗುತ್ತದೆ, ಮಗುವನ್ನು ತುಂಬಾ ಮಾತಾಡಿಸಿ, ಆರು ತಿಂಗಳು ಬಿಟ್ಟು ಮತ್ತೆ ಕರೆದುಕೊಂಡು ಬನ್ನಿ ಎಂದರು.

‘ತುಂಬಾ ಮಾತಾಡಿಸಿ’ ಎಂಬುದನ್ನು ನಮ್ಮ ಮನೆಯವರು ಔಷಧಿಯ ಚೀಟಿಯ ಹಾಗೆ ಪಾಲಿಸಿದರು. ಪುಟ್ಟಿ ಎದ್ದ ಕೂಡಲೇ ಅಮ್ಮ ಒಂದು ಕಡೆ, ಅಣ್ಣ ಒಂದು ಕಡೆ, ನಾನು ಒಂದು ಕಡೆ. ‘ಅಮ್ಮ ಅನ್ನು. ಅಜ್ಜಿ ಅನ್ನು. ಕಾಗೆ ಎಲ್ಲಿ? ಕಾ ಕಾ ಅನ್ನು. ಹೇಳು, ಹೇಳು ಪುಟ್ಟಿ!’ ಗಿರಣಿ ಓಡುವಾಗ ಕಿರುಚಿ ಹೇಳಿದೆವು. ನಾನು ಯಾವ ಪದವನ್ನು ಎಷ್ಟು ಸಲ ಹೇಳಿಕೊಟ್ಟೆವು ಎಂದು ಗೀಟು ಹಾಕಿ ಇಡುತ್ತಿದ್ದೆ. ನಾಲ್ಕನೆಯ ದಿನ ಪುಟ್ಟಿ ನಮ್ಮನ್ನು ಕಂಡರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೋಗತೊಡಗಿದಳು.

ಆ ಬೇಸಿಗೆ, ಎರಡು ಸಾವಿರದ ನಾಲ್ಕರದ್ದು, ಲೋಡ್ ಶೆಡ್ಡಿಂಗ್ ಜೋರಾಗಿತ್ತು. ಗಿರಣಿಯವರಿಗೆ ಅದು ಪಂಚಾಂಗಕ್ಕಿಂತ ಮುಖ್ಯ. ಕರೆಂಟು ಹೋದ ಹೊತ್ತು, ಬಂದ ಹೊತ್ತು ಬರೆದಿಡುವುದು ನನ್ನ ಕೆಲಸ. ಜವಳಿ ಅಂಗಡಿಯಲ್ಲೂ ಆಗ ಫ್ಯಾನಿಲ್ಲ, ಬೆಳಕಿಲ್ಲ. ಮಾವ ಅಂಗಡಿಗೆ ಹುಡುಗಿಯೊಬ್ಬಳನ್ನು ಕೂರಿಸಿ ನಮ್ಮ ಗಿರಣಿಯ ಬೆಂಚಿಗೆ ಬಂದು ಕೂರುತ್ತಿದ್ದರು.

ಹಾಗೆ ಕೂತ ಒಂದು ಮಧ್ಯಾಹ್ನ ಅವರು ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

‘ಎಂತಾಯ್ತು ಮಾವ?’ ಎಂದ ಅಣ್ಣ.

‘ನಿಮ್ಮಮ್ಮ ಗದ್ದ ಎತ್ತಿದ್ರು, ನಿನ್ ಹೆಂಡ್ತಿ ಮೊರ ತಂದ್ಲು. ನೀನು ಎರಡು ಬೆರಳು ಎತ್ತಿದೆ, ಕಾಫಿ ಬಂತು. ನಿನ್ ತಂಗಿ ಹುಬ್ಬು ಹಾರಿಸಿದ್ಲು, ನೀನು ತಲೆ ಆಡಿಸಿದೆ. ಕರೆಂಟ್ ಹೋಗಿ ಅರ್ಧ ಗಂಟೆ ಆಯ್ತು ಮಾರಾಯ. ನಿಮ್ಮನೇಲಿ ಇನ್ನೂ ಗಿರಣಿ ನಿಂತಿಲ್ಲ!’

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅದಕ್ಕೂ ಯಾರೂ ಮಾತಾಡಲಿಲ್ಲ. ಮಾವನಿಗೆ ಮತ್ತೂ ನಗು.

ಆಮೇಲೆ ಅವರು ಪುಟ್ಟಿಯ ಕಡೆ ತಿರುಗಿ ಹೆಬ್ಬೆರಳು ತೋರುಬೆರಳು ಉಜ್ಜಿ ತೋರಿಸಿದರು. ಪುಟ್ಟಿ ಒಳಗೆ ಓಡಿ ಸಣ್ಣ ಕಣ್ಣಿನ ಜರಡಿ ತಂದುಕೊಟ್ಟಳು. ಮುಷ್ಟಿ ಬಿಚ್ಚಿ ಉದುರಿಸಿದರು. ಜರಡಿ ವಾಪಸು ಕಿತ್ತುಕೊಂಡು ದೊಡ್ಡ ಕಣ್ಣಿನದು ತಂದಳು.

‘ಇದು ಮೂಗಿ ಕೂಸಲ್ಲ,’ ಎಂದರು. ‘ನಿಮ್ಮನೇಲಿ ಯಾವ ಭಾಷೆ ಆಡ್ತೀರೋ ಅದನ್ನ ಸರಿಯಾಗಿ ಕಲ್ತಿದೆ. ಇನ್ನೊಂದು ಭಾಷೆ ಅದಕ್ಕೆ ಯಾಕೆ ಬೇಕು ಹೇಳಿ?’

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ‘ಹಂಗಾದ್ರೆ ನಾವು ಎಂತ ಮಾಡ್ಬೇಕು?’ ಎಂದು ಕೇಳಿದರು. ಹೊರಗಿನವರ ಮುಂದೆ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

‘ಕರೆಂಟ್ ಇಲ್ಲದಾಗ ಗಿರಣಿ ನಿಲ್ಸಿ. ಅಷ್ಟೇ. ಕೈಯಲ್ಲಿ ಹೇಳೋದನ್ನ ಬಾಯಲ್ಲೂ ಹೇಳಿ. ಕೂಸು ಕೈ ಮಾಡಿದ್ರೆ ಬೈಬೇಡಿ, ಅದರ ಕೈಗೆ ನೀವು ಬಾಯಲ್ಲಿ ಉತ್ತರ ಕೊಡಿ. ಕೊಟ್ಟು, ಸ್ವಲ್ಪ ಸುಮ್ನಿರಿ.’

ಮರುದಿನದಿಂದ ಕರೆಂಟ್ ಹೋದ ಕೂಡಲೇ ಮಾವ ಹಾಜರು. ಒಂದು ಡಬ್ಬ ಬೋರಲು ಹಾಕಿ ಪುಟ್ಟಿಯನ್ನು ಅದರ ಮೇಲೆ ಕೂರಿಸುವುದು, ತಾವು ನೆಲದಲ್ಲಿ ಚಾಪೆ ಹಾಕಿ ಅವಳ ಕಣ್ಣಿನ ಎತ್ತರಕ್ಕೆ ಕೂರುವುದು. ಪುಟ್ಟಿ ರಾಜ, ಅವರು ಮಂತ್ರಿ. ಒಂದು ಕೈಯಲ್ಲಿ ಬೆಲ್ಲದ ಚೂರು, ಇನ್ನೊಂದರಲ್ಲಿ ಅವಲಕ್ಕಿ.

‘ಪ್ರಭುಗಳಿಗೆ ಬೆಲ್ಲವೋ, ಅವಲಕ್ಕಿಯೋ?’

ಕೇಳಿ, ಸುಮ್ಮನೆ ಅವಳ ಮುಖ ನೋಡುತ್ತ ಕೂರುತ್ತಿದ್ದರು. ಮಗುವಿನ ಹತ್ತಿರ ನಶ್ಯ ಬೇಡವೆಂದು ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಿದ್ದರು. ಆದರೂ ಪುಟ್ಟಿ ಆರಿಸಿಕೊಂಡು ಕೈ ಖಾಲಿಯಾದ ಮೇಲೆ ಮುಂದಿನ ಪ್ರಶ್ನೆ ಕೇಳುವಾಗ ಬರಿಯ ಬೆರಳು ಅಭ್ಯಾಸಬಲದಿಂದ ಮೂಗಿನ ಹತ್ತಿರ ಹೋಗಿ ನಿಲ್ಲುತ್ತಿತ್ತು. ಎರಡು ದಿನಕ್ಕೆ ಪುಟ್ಟಿಯೂ ಹಾಗೇ ಬೆರಳು ಹಿಡಿದು ಕೂರತೊಡಗಿದಳು. ಎದುರುಬದುರು ಇಬ್ಬರು ನಶ್ಯದವರು ಎಂದು ಅಣ್ಣ ನಕ್ಕ.

ಈ ಸುಮ್ಮನಿರುವುದು ಅಮ್ಮನಿಗೆ ಬಹಳ ಕಷ್ಟವಾಯಿತು. ಮಾವ ಕೇಳಿ ಬಾಯಿ ಮುಚ್ಚುವಷ್ಟರಲ್ಲಿ ಅವರು, ‘ಬೆಲ್ಲ ಅನ್ನು ಪುಟ್ಟಿ, ಬೆಲ್ಲ, ಅವಳಿಗೆ ಬೆಲ್ಲವೇ ಬೇಕು ಮಾರಾಯ್ರೇ’ ಎನ್ನುತ್ತಿದ್ದರು.

‘ಅಮ್ಮಾ,’ ಎಂದರು ಮಾವ ಕೈಮುಗಿದು, ‘ನಿಮ್ಮ ಅರ್ಥ ನೀವು ಹೇಳಿ. ರಾಜನ ಅರ್ಥ ರಾಜನಿಗೆ ಬಿಡಿ. ಇಲ್ದಿದ್ರೆ ಕೂಟ ಕೆಡ್ತದೆ.’

‘ಹಂಗಾದ್ರೆ ಬಾಯಿ ಬಿಟ್ಟು ಕೇಳೋ ತನಕ ಬೆಲ್ಲ ಕೊಡಬೇಡಿ. ಆಗ ತಾನಾಗೇ ಹೇಳ್ತಾಳೆ.’

‘ಛೇ, ಅದೆಂತ ಮಾತು! ಸತಾಯಿಸಿದ್ರೆ ಬೆಲ್ಲದ ಮೇಲಿನ ಆಸೆಯೂ ಹೋಗ್ತದೆ, ಮಾತಿನ ಮೇಲಿನದ್ದೂ ಹೋಗ್ತದೆ.’

ಪುಟ್ಟಿ ಬೆಲ್ಲದ ಕೈಯನ್ನು ಮುಟ್ಟಿದರೆ, ‘ಬೆಲ್ಲ. ಪ್ರಭುಗಳಿಗೆ ಬೆಲ್ಲ ಬೇಕಂತೆ’ ಎಂದು ಕೊಟ್ಟುಬಿಡುತ್ತಿದ್ದರು. ಒಂದು ಶಬ್ದ ಮಾಡಿದರೆ ಅದಕ್ಕೂ ಗಂಭೀರವಾಗಿ ಉತ್ತರ. ಅವಳು ‘ಉಂ ಉಂ’ ಎಂದರೆ, ‘ಓಹೋ, ಹೌದಾ? ನಂಗೆ ಗೊತ್ತೇ ಇರ್ಲಿಲ್ಲ’ ಎನ್ನುವರು. ಅವಳು ತಲೆಯೆತ್ತಿ ಮತ್ತೆ ‘ಉಂ’ ಎನ್ನುವಳು. ಹೀಗೆ ಹತ್ತು ನಿಮಿಷ ನಡೆಯುತ್ತಿತ್ತು. ನೋಡಿದವರಿಗೆ ಏನೋ ದೊಡ್ಡ ರಾಜಕಾರ್ಯ ಎನ್ನಿಸಬೇಕು.

ನಾನು ಮೂಲೆಯಲ್ಲಿ ಕೂತು ಟಿಪ್ಪಣಿ ಬರೆಯುತ್ತಿದ್ದೆ. ಮಾವ ನನ್ನನ್ನು ಕರೆಯುತ್ತಿದ್ದುದೇ ಶಾನುಭೋಗರೇ ಎಂದು. ‘ಶಾನುಭೋಗರೇ, ಲೆಕ್ಕ ಆಮೇಲೆ ಬರೀರಿ. ಕೂಸು ನಿಮ್ಮ ಪೆನ್ನು ನೋಡ್ತಾ ಇದೆ. ಅದು ನಮ್ಮ ಮುಖ ನೋಡಬೇಕು,’ ಎಂದರು. ಅಂದಿನಿಂದ ಪೆನ್ನು ಒಳಗಿಟ್ಟು ನಾನೂ ಚಾಪೆಗೆ ಬಂದೆ. ಬರೆಯುವುದು ಕರೆಂಟು ಬಂದ ಮೇಲೆ.

ನನ್ನ ಲೆಕ್ಕದಲ್ಲಿ ಮೊದಲು ಬದಲಾದದ್ದು ಪುಟ್ಟಿಯಲ್ಲ, ಅತ್ತಿಗೆ. ರೊಟ್ಟಿ ತಟ್ಟುವಾಗ ಅವರು ಮಾತಾಡತೊಡಗಿದರು. ‘ಹಿಟ್ಟು ಬಿಸಿ ಇದೆ ಕಣೇ, ಅಬ್ಬಾ. ಈಗ ಉಂಡೆ ಮಾಡ್ತೀನಿ. ಇದು ದೊಡ್ಡುಂಡೆ ಅಪ್ಪಂದು. ಇದು ಸಣ್ಣುಂಡೆ ಯಾರದ್ದು?’ ಎಂದು ಕೇಳಿ ತಿರುಗಿ ನೋಡುವರು. ಪುಟ್ಟಿ ತನ್ನ ಎದೆ ಮುಟ್ಟಿಕೊಳ್ಳುವಳು. ‘ನಿಂದು! ಪುಟ್ಟಿದು!’ ಬೇಗಾರಿನಲ್ಲಿ ಕಲಿತ ಒಗಟುಗಳು, ಎಲೆ ಕೊಯ್ಯುವಾಗ ಹೇಳುವ ಹಾಡಿನ ಸಾಲುಗಳು, ಹೀಗೆ ನಮ್ಮ ಮನೆ ಎಂದೂ ಕೇಳದ ಒಂದು ಧ್ವನಿ ಹೊರಗೆ ಬಂತು. ಅಣ್ಣ ಒಂದು ದಿನ ನನ್ನ ಹತ್ತಿರ ಗುಟ್ಟಾಗಿ, ‘ನಿನ್ನತ್ತಿಗೆಗೆ ಇಷ್ಟೆಲ್ಲ ಮಾತು ಬರ್ತದಾ?’ ಎಂದ.

ಪುಟ್ಟಿಯ ಮೊದಲ ಮಾತು ಬಂದದ್ದು ಒಂದು ಸಂಜೆ. ಗಿರಣಿ ಓಡುತ್ತಿತ್ತು. ಕರೆಂಟ್ ಹೋಯಿತು. ಮೋಟಾರಿನಿಂದ ಗಿರಣಿಗೆ ಹಾಕಿದ ಪಟ್ಟ ನಿಧಾನವಾಗಿ ಸುತ್ತಿ ನಿಂತಿತು. ಆ ನಿಶ್ಶಬ್ದದಲ್ಲಿ ಬಾಗಿಲ ಹತ್ತಿರದಿಂದ ಸ್ಪಷ್ಟವಾಗಿ ಕೇಳಿಸಿತು: ‘ಓತು!’

ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಸಲ ಎಲ್ಲರೂ ತಪ್ಪದೆ ಬಾಯಿಬಿಟ್ಟು ಹೇಳುತ್ತಿದ್ದ ಮಾತು ಅದೊಂದೇ, ‘ಹೋಯ್ತು!’ ಅಮ್ಮ ಅಳುತ್ತ ದೇವರಿಗೆ ತುಪ್ಪದ ದೀಪ ಹಚ್ಚಿದರು. ಅತ್ತಿಗೆ ನಗುತ್ತ, ‘ನನ್ನ ಕರೆಯೋ ಮೊದ್ಲು ಲೈನ್‌ಮನ್ನನ್ನ ಕರೆದ್ಲಲ್ಲ ಇವಳು!’ ಎಂದರು. ಎರಡನೆಯ ಮಾತು ‘ಬಂತು’. ಆಮೇಲೆ ಬೆಲ್ಲ, ತಾ, ಬೇಡ, ಮಾವ, ಅಮ್ಮ. ಹೌದು, ‘ಮಾವ’ ಮೊದಲು, ‘ಅಮ್ಮ’ ಆಮೇಲೆ. ಆ ದಿನವನ್ನು ನಾನು ಮಾತು ಕೊಟ್ಟಂತೆ ಬರೆದೆ. ಆದರೆ ಅತ್ತಿಗೆಗೆ ಅಷ್ಟರಲ್ಲಿ ಒಂದು ಪದ ಸಾಲದಾಗಿತ್ತು. ‘ಒಂದೊಂದೇ ಪದ ಹೇಳ್ತಾಳೆ. ಮೂರು ವರ್ಷಕ್ಕೆ ಬಂದ್ಲು. ಬೇರೆ ಮಕ್ಕಳು ಕತೆ ಹೇಳ್ತಾವೆ,’ ಎಂದು ಚಿಂತಿಸುತ್ತಿದ್ದರು. ಡಾಕ್ಟರಮ್ಮ ಹೇಳಿದ ಆರು ತಿಂಗಳೂ ಹತ್ತಿರ ಬರುತ್ತಿತ್ತು.

ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಅಣೆಕಟ್ಟು ತುಂಬಿತು, ಲೋಡ್ ಶೆಡ್ಡಿಂಗ್ ತೆಗೆದರು. ಇಡೀ ಪೇಟೆ ಸಂತೋಷಪಟ್ಟಿತು. ನಮ್ಮ ಗಿರಣಿ ಬೆಳಗಿನಿಂದ ಸಂಜೆಯವರೆಗೆ ಓಡತೊಡಗಿತು. ಮನೆ ಮತ್ತೆ ಕೈಸನ್ನೆಗೆ ಇಳಿಯಿತು. ಎರಡು ವಾರದಲ್ಲಿ ಪುಟ್ಟಿಯ ಬಾಯಲ್ಲಿ ಹೊಸದೊಂದು ಪದ ಬರಲಿಲ್ಲ. ಇದ್ದ ಪದಗಳ ಬದಲು ಮತ್ತೆ ಬೆರಳು ಏಳುತ್ತಿದ್ದವು.

ಮಾವ ಛತ್ರಿ ಹಿಡಿದು ಬಂದು ಅಣ್ಣನನ್ನು ಹೊರಗೆ ಕರೆದರು.

‘ದಿನಕ್ಕೆ ಒಂದು ಹೊತ್ತು ನೀನೇ ಕರೆಂಟ್ ತೆಗಿ ಮಾರಾಯ.’

‘ಎಂತ ಹೇಳ್ತೀರಿ ಮಾವ! ಗಣೇಶನ ಹಬ್ಬ ಹತ್ರ ಬಂತು. ಸಾಲು ನೋಡಿ. ಒಂದ್ಸಲ ಬಾಗಿಲು ಹಾಕಿದ್ರೆ ಗಿರಾಕಿಗಳು ಆಚೆ ಬೀದಿ ಗಿರಣಿಗೆ ಹೋಗ್ತಾರೆ. ಮತ್ತೆ ವಾಪಸ್ ಬರ್ತಾರಾ?’

‘ಬರ್ಲಿಕ್ಕಿಲ್ಲ,’ ಎಂದರು ಮಾವ. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಅವರಿಗಿರಲಿಲ್ಲ. ‘ಕೆಲವರು ಹೋಗ್ತಾರೆ.’

‘ಮತ್ತೆ?’

ಪ್ರಶ್ನೆ ಅಣ್ಣನದೇ ಆಗಿತ್ತು. ಮಾವ ಅದನ್ನು ಅವನ ಹತ್ತಿರವೇ ಬಿಟ್ಟು ಅಂಗಡಿಗೆ ಹೋದರು. ಅಣ್ಣ ಸಿಟ್ಟಿನಲ್ಲಿ ಒಳಗೆ ಬಂದು, ‘ಮೂರು ಹೊತ್ತು ಬಟ್ಟೆ ಮಡಚಿಡೋರಿಗೆ ಗಿರಣಿ ಕಷ್ಟ ಎಂತ ಗೊತ್ತು’ ಎಂದು ಗೊಣಗಿದ. ಅತ್ತಿಗೆ ಮಧ್ಯಾಹ್ನ ಪುಟ್ಟಿಯನ್ನು ಎತ್ತಿಕೊಂಡು ಜವಳಿ ಅಂಗಡಿಗೆ ಹೋಗಿ ಕೂರುವ ರೂಢಿ ಮಾಡಿಕೊಂಡರು. ಅಲ್ಲಿ ಹಬ್ಬದ ವ್ಯಾಪಾರದ ನಡುವೆ ಮಾವ ತುಂಡು ಬಟ್ಟೆಗಳನ್ನು ಪುಟ್ಟಿಯ ಮುಂದೆ ಹರವಿ, ‘ಇದು ಮೆತ್ತಗಿದೆಯೋ, ಚುಚ್ಚುತ್ತದೋ?’ ಎಂದು ಕೇಳುವರು, ಗಿರಾಕಿಯನ್ನೂ ಕಾಯಿಸುವರು. ಗಿರಣಿಯ ಸದ್ದು ಅಲ್ಲಿಗೂ ಕೇಳುತ್ತಿತ್ತು, ಆದರೆ ಗೋಡೆಯ ಆಚೆಯಿಂದ. ‘ಮೆತ್ತಗೆ’ ಬಂತು. ‘ಕೆಂಪು ತಾ’ ಬಂತು.

ಹಬ್ಬದ ಹಿಂದಿನ ವಾರ ಒಂದು ಬೆಳಿಗ್ಗೆ. ಗಿರಣಿಯಲ್ಲಿ ಡಬ್ಬಗಳ ಸಾಲು ರಸ್ತೆಯವರೆಗೆ. ಅಣ್ಣ ಯಾರದೋ ಅಕ್ಕಿ ಸುರಿದಿದ್ದ, ಅರ್ಧ ಬೀಸಿತ್ತು. ಓಡುವ ಗಿರಣಿಯನ್ನು ಕಾಳು ಒಳಗಿರುವಾಗ ನಿಲ್ಲಿಸಬಾರದು. ಕಲ್ಲಿನ ನಡುವೆ ಕಾಳು ಸಿಕ್ಕಿಕೊಂಡು ಮತ್ತೆ ಶುರುಮಾಡಲು ಎಲ್ಲ ಬಿಚ್ಚಬೇಕಾಗುತ್ತದೆ. ಕಾಳು ಹಾಕಿದ ಮೇಲೆ ಅಪ್ಪನ ಕಾಲದಿಂದಲೂ ಯಾರೂ ಯಾರಿಗಾಗಿಯೂ ನಿಲ್ಲಿಸಿದ್ದಿಲ್ಲ. ನಾನು ಹಿಟ್ಟು ತುಂಬಿ ಕೊಡುತ್ತಿದ್ದೆ.

ಒಳಬಾಗಿಲಿನಿಂದ ಪುಟ್ಟಿ ಬಂದು ಅಣ್ಣನ ಎದುರು ನಿಂತಳು. ಎರಡೂ ಕೈ ಬೆನ್ನ ಹಿಂದೆ. ಬಾಯಿ ಆಡುತ್ತಿತ್ತು. ಅಣ್ಣ ಕೈಯಾಡಿಸಿ ‘ಎಂತ?’ ಎಂದು ಸನ್ನೆ ಮಾಡಿದ. ಅವಳು ಕೈ ತೆಗೆಯಲಿಲ್ಲ. ಬಾಯಿ ಮತ್ತೆ ಆಡಿತು, ಈ ಸಲ ಹೆಚ್ಚು ಹೊತ್ತು. ಒಂದು ಪದಕ್ಕೆ ಅಷ್ಟು ಹೊತ್ತು ಬೇಡ. ಅಣ್ಣ ಬಗ್ಗಿ ಕಿವಿ ಕೊಟ್ಟ, ತಲೆಯಾಡಿಸಿದ, ಕೇಳಿಸಲಿಲ್ಲ. ಸಾಲಿನ ಕಡೆ ನೋಡಿದ. ಅರ್ಧ ಬೀಸಿದ ಅಕ್ಕಿಯ ಕಡೆ ನೋಡಿದ. ಪುಟ್ಟಿ ಕಾಯುತ್ತಿದ್ದಳು.

ಅಣ್ಣ ಕೈ ಚಾಚಿ ಸ್ವಿಚ್ಚು ಎಳೆದ.

ಪಟ್ಟ ನರಳುತ್ತ ನಿಂತಿತು. ಸಾಲಿನಲ್ಲಿ ‘ಕರೆಂಟ್ ಹೋಯ್ತಾ? ಅಯ್ಯೋ, ಇವತ್ತೇ ಹೋಗ್ಬೇಕಾ?’ ಎಂಬ ಗಲಾಟೆ. ಅದು ಅಡಗಿದ ಮೇಲೆ ಪುಟ್ಟಿ ಗಟ್ಟಿಯಾಗಿ ಹೇಳಿದಳು:

‘ಸಕ್ರೆ ಡಬ್ಬ ಬಿತ್ತು ಅಪ್ಪ. ನಾನು ಬೀಳ್ಸಿಲ್ಲ.’

ಅವಳ ಕೆನ್ನೆಯ ಮೇಲೆ ಸಕ್ಕರೆ ಇತ್ತು. ಬೆನ್ನ ಹಿಂದಿನ ಮುಷ್ಟಿಯಿಂದ ನೆಲಕ್ಕೆ ಸಕ್ಕರೆ ಉದುರುತ್ತಿತ್ತು.

ಮಾವ ಕುತ್ತಿಗೆಯ ಟೇಪಿನ ಸಮೇತ ಓಡಿ ಬಂದರು. ‘ಹೋಯ್ತಾ? ನಮ್ಮಲ್ಲಿ ಫ್ಯಾನು ತಿರುಗ್ತಾ ಇದೆಯಲ್ಲ!’

‘ಹೋಗಿಲ್ಲ ಮಾವ,’ ಎಂದ ಅಣ್ಣ. ಅವನ ಧ್ವನಿ ಬೇರೆಯಾಗಿತ್ತು. ‘ನಾನೇ ತೆಗ್ದೆ. ಇವಳು ಸುಳ್ಳು ಹೇಳ್ತಿದಾಳೆ.’

‘ಸುಳ್ಳಾ!’ ಮಾವನ ಮುಖ ಹಬ್ಬದ ಹಾಗೆ ಅರಳಿತು. ‘ಬಾಯಲ್ಲಿಯಾ?’

‘ಬಾಯಲ್ಲಿ. ಪೂರ್ತಿ.’

ಮಾವ ಅಲ್ಲೇ ಹಿಟ್ಟಿನ ನೆಲದ ಮೇಲೆ, ಬಿಳಿ ಪಂಚೆಯಲ್ಲೇ, ಪುಟ್ಟಿಯ ಎದುರು ಕೂತರು. ‘ಪ್ರಭುಗಳು ಬೀಳಿಸಿಲ್ಲ. ಹಾಗಾದ್ರೆ ಯಾರು ಬೀಳಿಸಿದ್ದು?’

ಕೇಳಿ ಸುಮ್ಮನಾದರು. ಪುಟ್ಟಿ ಮೇಲಿನ ಹೆಂಚು ನೋಡಿದಳು, ಪಟ್ಟ ನೋಡಿದಳು, ಸಾಲಿನಲ್ಲಿದ್ದವರನ್ನು ನೋಡಿದಳು. ಯಾರೂ ಮಾತಾಡಲಿಲ್ಲ, ಅಮ್ಮ ಕೂಡ.

‘ಬೆಕ್ಕು,’ ಎಂದಳು.

ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಮಾವ ಬಂದಿರದಿದ್ದರೂ ಪುಟ್ಟಿಗೆ ಮಾತು ಬರುತ್ತಿತ್ತೋ ಏನೋ. ಕೆಲವು ಮಕ್ಕಳಿಗೆ ತಡವಾಗಿ ಬರುತ್ತದೆ ಎಂದು ಆಮೇಲೆ ಡಾಕ್ಟರಮ್ಮನೂ ಹೇಳಿದರು. ಅದನ್ನು ನಾನು ಅಳೆಯಲಾರೆ. ಅವತ್ತಿನಿಂದ ಮಧ್ಯಾಹ್ನ ಒಂದು ಹೊತ್ತು ನಮ್ಮ ಗಿರಣಿಗೆ ಬಿಡುವು ಎಂಬ ಹಲಗೆ ಬಿತ್ತು, ಕೆಲವು ಗಿರಾಕಿಗಳು ಬಿಟ್ಟುಹೋದರು, ಪುಟ್ಟಿ ಈಗ ಶಾಲೆಯಲ್ಲಿ ಮಾತಿಗಾಗಿ ಬೈಸಿಕೊಳ್ಳುತ್ತಾಳೆ. ಇವು ಲೆಕ್ಕಕ್ಕೆ ಸಿಗುವ ವಿಷಯ. ಮಾವನನ್ನು ನೆನೆದಾಗ ನನಗೆ ಬರುವುದು ಮಾತ್ರ ಆ ಬೆಳಗು. ಅವರು ಹಿಟ್ಟಿನ ನೆಲದಲ್ಲಿ ಕೂತಿದ್ದಾರೆ, ಮುಂದಿನ ಪ್ರಶ್ನೆಗೆ ಬಾಯಿ ತೆರೆದಿದ್ದಾರೆ. ಅಷ್ಟರಲ್ಲಿ ಬಾಗಿಲಿನಿಂದ ಅತ್ತಿಗೆ ಕೇಳಿಬಿಟ್ಟರು:

‘ಹೌದಾ ಪುಟ್ಟಿ? ಆ ಬೆಕ್ಕು ಈಗ ಎಲ್ಲಿದೆ?’

ಮಾವ ತೆರೆದ ಬಾಯಿ ಮುಚ್ಚಿಕೊಂಡು ಅತ್ತಿಗೆಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು. ಅಣ್ಣ ಸಾಲಿನ ಕಡೆ ತಿರುಗಿ ಏನೋ ಹೇಳಲು ಹೊರಟ, ಬಹುಶಃ ಕ್ಷಮಿಸಿ ಎಂದು. ಸಾಲಿನ ಮೊದಲಲ್ಲಿದ್ದ, ಅರ್ಧ ಬೀಸಿದ ಅಕ್ಕಿಯ ಒಡತಿ ಅಜ್ಜಿ ಡಬ್ಬ ಕೆಳಗಿಟ್ಟು ಅದರ ಮೇಲೆ ಕೂತು, ಬೆರಳು ತುಟಿಗಿಟ್ಟು ಅವನನ್ನು ಗದರಿದರು:

‘ಶ್! ನೀ ಸುಮ್ನಿರು ಮಾರಾಯ. ಬೆಕ್ಕು ಎಲ್ಲಿ ಹೋತು ಕೇಳುವ.’